ವೀರ ವೈಮಾನಿಕ ಅಜ್ಜಮಾಡ ದೇವಯ್ಯ

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ದಿನ, ವಿದ್ಯಾರ್ಥಿವೇತನಕ್ಕೆ ಬೇಕಾದ ಕಾಗದಪತ್ರಗಳ ಸಲುವಾಗಿ ನಾನು ಅಮ್ಮನೊಂದಿಗೆ ಮಡಿಕೇರಿಗೆ ಹೋಗಿದ್ದೆ. ನಮ್ಮ ಮನೆ ಇರುವುದು ಸಂಪಾಜೆಯಲ್ಲಿ. ಮಂಗಳೂರಿನಿಂದ ಹೊರಟ ಬಸ್ಸು ಸುಳ್ಯವನ್ನು ದಾಟಿ, ಇನ್ನೇನು ಘಾಟಿ ಹತ್ತಬೇಕು ಎನ್ನುವಲ್ಲಿ ಸಿಗುವ ಊರು ಅದು. ಕೆಲಸ ಮುಗಿಸಿಕೊಂಡು ಹಳೆಯ ಖಾಸಗಿ ಬಸ್ ನಿಲ್ದಾಣದ ಬಳಿಯ ವೃತ್ತಕ್ಕೆ ಬಂದಾಗ, ಅಲ್ಲಿ ನಿಂತಿರುವ ಪುತ್ಥಳಿಯನ್ನು ನೋಡಿ, ಇವರು ಯಾರು ಎಂದು ಅಮ್ಮ ಕೇಳಿದರು. ಅಮ್ಮನಿಗೆ ಓದಲು ಬರುವುದಿಲ್ಲ. ನಾನು ಫಲಕದ ಮೇಲಿನ ಹೆಸರನ್ನು ಓದಿ ಹೇಳಿದೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ, ಮಹಾವೀರ ಚಕ್ರ. ಅವರು ಏನು ಮಾಡಿದರು ಎಂದು ಅಮ್ಮ ಮತ್ತೆ ಕೇಳಿದರು. ವಿಮಾನದ ಯುದ್ಧದಲ್ಲಿ ತೀರಿಕೊಂಡರು ಎಂದಷ್ಟೇ ನನಗೆ ಗೊತ್ತಿತ್ತು, ಅಷ್ಟನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹೆಣ ಮನೆಗೆ ಬಂತೇ ಎಂದು ಅಮ್ಮ ಕೇಳಿದರು. ಇತಿಹಾಸವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡು ಮೂರು ವರ್ಷ ಓದಿದ ನನ್ನಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ಮಗಳು ಓದಿದವಳು, ಅವಳಿಗೆ ಎಲ್ಲವೂ ತಿಳಿದಿರುತ್ತದೆ ಎಂಬುದು ಅಮ್ಮನ ನಂಬಿಕೆ. ಆ ದಿನ ಬಸ್ಸಿನಲ್ಲಿ ಘಾಟಿಯ ತಿರುವುಗಳನ್ನು ಇಳಿಯುವಾಗ ನನಗಾದ ನಾಚಿಕೆಯನ್ನು ಇಲ್ಲಿ ವಿವರಿಸುವುದು ಬೇಡ. ಹಂಪನಕಟ್ಟೆಗೆ ಮರಳಿದ ಮೇಲೆ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಕುಳಿತು, ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ವಾರ್ಷಿಕ ಸಂಚಿಕೆಗೆ ಏನಾದರೂ ಬರೆದು ಕೊಡಬೇಕೆಂದು ನಮ್ಮ ಕನ್ನಡದ ಗುರುಗಳು ಹೇಳಿದಾಗ ಬೇರೆ ವಿಷಯ ಯೋಚಿಸುವ ಅಗತ್ಯವೇ ಬರಲಿಲ್ಲ. ಯುದ್ಧವನ್ನು ಹೊಗಳಬೇಕೆಂದು ನಾನು ಇದನ್ನು ಬರೆಯುತ್ತಿಲ್ಲ. ಅಮ್ಮನ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಬೇಕೆಂದು ಬರೆಯುತ್ತಿದ್ದೇನೆ.

ದೇವಯ್ಯನವರು ಹುಟ್ಟಿದ್ದು 1932ನೆಯ ಇಸವಿ ಡಿಸೆಂಬರ್ 24ರಂದು, ಕೊಡಗಿನಲ್ಲಿ. ಅಜ್ಜಮಾಡ ಎಂಬುದು ಮನೆತನದ ಹೆಸರು. ಕೊಡವರಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ ಬರುವುದು ವಾಡಿಕೆ. ಅವರು ಬೆಳೆದ ಕಾಲದ ಕೊಡಗು ಇಂದಿನಂತೆ ನಮ್ಮ ರಾಜ್ಯದ ಒಂದು ಜಿಲ್ಲೆಯಾಗಿರಲಿಲ್ಲ. ಬ್ರಿಟಿಷರ ಕಾಲದಲ್ಲಿ ಪ್ರತ್ಯೇಕ ಪ್ರಾಂತವಾಗಿದ್ದು, ಸ್ವಾತಂತ್ರ್ಯ ಬಂದ ಮೇಲೆ ಕೆಲವು ವರ್ಷ ತನ್ನದೇ ವಿಧಾನಸಭೆ, ತನ್ನದೇ ಮುಖ್ಯಮಂತ್ರಿಯುಳ್ಳ ಪುಟ್ಟ ರಾಜ್ಯವಾಗಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯದೊಂದಿಗೆ ಕೂಡಿತು. ನಮ್ಮ ದಕ್ಷಿಣ ಕನ್ನಡ ಮದರಾಸಿನಿಂದ ಬಂದು ಸೇರಿದ್ದೂ ಅದೇ ದಿನ.

ಕೊಡಗಿನ ಹುಡುಗನೊಬ್ಬ ಸೈನ್ಯಕ್ಕೆ ಸೇರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಕಾರ್ಯಪ್ಪನವರೂ ತಿಮ್ಮಯ್ಯನವರೂ ಹುಟ್ಟಿದ ನಾಡು ಅದು. ಆದರೆ ಅವರಿಬ್ಬರೂ ಭೂಸೈನ್ಯದವರು. ದೇವಯ್ಯನವರು ಆಯ್ದುಕೊಂಡದ್ದು ಆಕಾಶವನ್ನು. 1954ರಲ್ಲಿ, ತಮ್ಮ ಇಪ್ಪತ್ತೆರಡನೆಯ ವಯಸ್ಸಿನ ಸುಮಾರಿಗೆ, ಅವರು ಭಾರತೀಯ ವಾಯುಪಡೆಯಲ್ಲಿ ವೈಮಾನಿಕರಾದರು. ಅಂದರೆ ಹೆಚ್ಚು ಕಡಮೆ ಈಗ ನಮ್ಮ ತರಗತಿಯಲ್ಲಿ ಕುಳಿತಿರುವವರ ವಯಸ್ಸು. ಸ್ನೇಹಿತರು ಅವರನ್ನು ಟಬ್ಬಿ ಎಂದು ಕರೆಯುತ್ತಿದ್ದರಂತೆ. ಪುತ್ಥಳಿಯ ಗಂಭೀರ ಮುಖವನ್ನು ನೋಡಿದವರಿಗೆ ಈ ಅಡ್ಡಹೆಸರು ಕೊಂಚ ವಿಚಿತ್ರವೆನಿಸಬಹುದು. ನನಗಂತೂ ಇದನ್ನು ಓದಿದ ಮೇಲೆಯೇ ಅವರು ಕಂಚಿನಿಂದಿಳಿದು ಮನುಷ್ಯರಾದಂತೆ ತೋರಿತು.

ಮುಂದಿನ ಹತ್ತು ವರ್ಷಗಳ ಬಗ್ಗೆ ಹೇಳತಕ್ಕದ್ದು ಬಹಳವಿಲ್ಲ. ಅವರು ಒಳ್ಳೆಯ ವೈಮಾನಿಕರೆಂದು ಹೆಸರಾಗಿ, ಇತರರಿಗೆ ಹಾರಾಟ ಕಲಿಸುವ ಶಿಕ್ಷಕರಾದರು. 1965ರ ಯುದ್ಧ ಬಂದಾಗ ಅವರು ವಾಯುಪಡೆಯ ಹಾರಾಟ ಶಾಲೆಯಲ್ಲಿ ಬೋಧಕರಾಗಿದ್ದರು. ಹೊಸಬ ಹುಡುಗನನ್ನು ಪಕ್ಕದಲ್ಲಿಯೋ ಮುಂದಿನ ಆಸನದಲ್ಲಿಯೋ ಕೂರಿಸಿಕೊಂಡು ಮೇಲೇರುವುದು, ಅವನು ತಪ್ಪಿದಾಗ ತಿದ್ದುವುದು, ಅವನ ಕೈ ನಡುಗಿದರೆ ತಮ್ಮ ಕೈ ನಡುಗದಂತೆ ನೋಡಿಕೊಳ್ಳುವುದು ಇವೇ ಅವರ ದಿನನಿತ್ಯದ ಕೆಲಸ. ಕಲಿಸುವವರ ಹೆಸರು ಪತ್ರಿಕೆಗಳಲ್ಲಿ ಬರುವುದು ಅಪರೂಪ. ಈ ಮಾತಿಗೆ ನಮ್ಮ ಅಧ್ಯಾಪಕ ವರ್ಗದವರು ತಲೆದೂಗುವರೆಂದು ಭಾವಿಸುತ್ತೇನೆ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಸ್ಕ್ವಾಡ್ರನ್ ಲೀಡರ್ ಎಂಬ ಪದವನ್ನು ಕೇಳಿದಾಗ ಒಂದು ಇಡೀ ದಳದ ಒಡೆಯನೆಂದು ಅನ್ನಿಸುತ್ತದೆ. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಅದು ಭೂಸೈನ್ಯದ ಮೇಜರನಿಗೆ ಸಮಾನವಾದ ಒಂದು ಹುದ್ದೆ. ದಳದ ಮುಖ್ಯಸ್ಥ ಸಾಮಾನ್ಯವಾಗಿ ಅದಕ್ಕಿಂತ ಮೇಲಿನ ವಿಂಗ್ ಕಮಾಂಡರ್. ದೇವಯ್ಯನವರು ಯುದ್ಧಕ್ಕಾಗಿ ಸೇರಿದ್ದು ವಾಯುಪಡೆಯ 1ನೆಯ ಸ್ಕ್ವಾಡ್ರನ್‌ಗೆ. 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ಹುಟ್ಟಿದ ಈ ದಳ ನಮ್ಮ ವಾಯುಪಡೆಯ ಅತ್ಯಂತ ಹಳೆಯ ದಳ. ಹುಲಿ ಅದರ ಲಾಂಛನ. 1965ರಲ್ಲಿ ಅದು ಪಂಜಾಬಿನ ಜಲಂಧರದ ಹತ್ತಿರವಿರುವ ಆದಂಪುರದಲ್ಲಿತ್ತು. ಮುಖ್ಯಸ್ಥರು ವಿಂಗ್ ಕಮಾಂಡರ್ ಓಂ ಪ್ರಕಾಶ್ ತನೇಜಾ. ಈ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಕಥೆಯ ಕೊನೆಯಲ್ಲಿ ಇವರು ಮತ್ತೆ ಬರುತ್ತಾರೆ.

ದಳದ ವಿಮಾನಗಳು ಫ್ರಾನ್ಸಿನಲ್ಲಿ ತಯಾರಾದ ಮಿಸ್ಟೇರ್‌ಗಳು. ಗಟ್ಟಿಮುಟ್ಟಾದ ಜೆಟ್ ವಿಮಾನ, ಆದರೆ ಆ ಕಾಲಕ್ಕೇ ಹಳೆಯದಾಗಿತ್ತು. ಸಮಮಟ್ಟದ ಹಾರಾಟದಲ್ಲಿ ಶಬ್ದದ ವೇಗವನ್ನು ಮುಟ್ಟಲಾರದು. ನೆಲದ ಮೇಲಿನ ಗುರಿಗಳನ್ನು ಹೊಡೆಯುವುದಕ್ಕೆ ಅದನ್ನು ಬಳಸುತ್ತಿದ್ದರು. ಎದುರಾಳಿಯ ಬಳಿ ಇದ್ದದ್ದು ಅಮೆರಿಕದ ಸೇಬರ್‌ಗಳು ಮತ್ತು ಸ್ಟಾರ್‌ಫೈಟರ್‌ಗಳು. ಸ್ಟಾರ್‌ಫೈಟರ್ ಎಂದರೆ ಶಬ್ದದ ಎರಡರಷ್ಟು ವೇಗದಲ್ಲಿ ಹಾರುವ, ಚೂರಿಯಂತೆ ತೆಳುವಾದ ಪುಟ್ಟ ರೆಕ್ಕೆಗಳುಳ್ಳ ವಿಮಾನ. ಪಾಕಿಸ್ತಾನಕ್ಕೆ ಅಮೆರಿಕದಿಂದ ಸಿಕ್ಕಿದ್ದೇ ಹನ್ನೆರಡು. ಅಷ್ಟು ಕಡಮೆ ಇದ್ದರೂ ಅದರ ಹೆಸರಿನ ಭಯ ದೊಡ್ಡದಿತ್ತು.

ಯುದ್ಧದ ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1965ರ ಆಗಸ್ಟಿನಲ್ಲಿ ಪಾಕಿಸ್ತಾನದ ಕಡೆಯಿಂದ ಕಾಶ್ಮೀರದೊಳಕ್ಕೆ ನುಸುಳುಕೋರರು ಬಂದರು. ಸೆಪ್ಟೆಂಬರ್ 1ರಂದು ಛಂಬ್ ಭಾಗದಲ್ಲಿ ಪಾಕಿಸ್ತಾನದ ಟ್ಯಾಂಕುಗಳು ಗಡಿ ದಾಟಿದವು. ಅವನ್ನು ತಡೆಯಲು ಅಂದು ಸಂಜೆ ಹೋದ ನಮ್ಮ ಹಳೆಯ ವ್ಯಾಂಪೈರ್ ವಿಮಾನಗಳಲ್ಲಿ ನಾಲ್ಕು ಹಿಂದಿರುಗಲಿಲ್ಲ. ಸೆಪ್ಟೆಂಬರ್ 3 ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬ, ಮನೆಮನೆಯಲ್ಲಿ ಕೋವಿಗೆ ಹೂ ಮುಡಿಸಿ ಪೂಜೆ ಮಾಡುವ ದಿನ. ಆ ವರ್ಷ ಎಷ್ಟು ಮನೆಗಳಲ್ಲಿ ಆ ಕೋವಿಯ ಮುಂದೆ ನಿಂತವರ ಮನಸ್ಸು ಪಂಜಾಬಿನಲ್ಲಿಯೂ ಕಾಶ್ಮೀರದಲ್ಲಿಯೂ ಇದ್ದಿರಬೇಕು! 6ರಂದು ನಮ್ಮ ಸೈನ್ಯ ಲಾಹೋರಿನ ಕಡೆಗೆ ಗಡಿಯನ್ನು ದಾಟಿತು. ಅದೇ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟಿನ ನೆಲೆಯ ಮೇಲೆ ಎರಗಿ, ನೆಲದ ಮೇಲೆ ನಿಂತಿದ್ದ ನಮ್ಮ ಸುಮಾರು ಹತ್ತು ವಿಮಾನಗಳನ್ನು ನಾಶಮಾಡಿದವು. ಆದಂಪುರ, ಹಲವಾರಾಗಳ ಕಡೆಗೂ ದಾಳಿ ಹೊರಟಿತು. ರಾತ್ರಿಯಲ್ಲಿ ಬಾಂಬರ್‌ಗಳು ಬಂದವು. ನಡುರಾತ್ರಿ ಕಳೆದ ಮೇಲೆ ಈ ಮೂರೂ ನೆಲೆಗಳ ಸುತ್ತ ಪ್ಯಾರಾಚೂಟಿನಲ್ಲಿ ಶತ್ರು ಸೈನಿಕರು ಇಳಿದರು. ಅವರಲ್ಲಿ ಹೆಚ್ಚಿನವರು ಕಬ್ಬಿನ ಗದ್ದೆ, ಜೋಳದ ಹೊಲಗಳಲ್ಲಿ ಹಳ್ಳಿಗರ ಕೈಗೂ ಪೊಲೀಸರ ಕೈಗೂ ಸಿಕ್ಕಿಬಿದ್ದದ್ದು ಬೇರೆ ಕಥೆ. ಆದರೆ ಆ ರಾತ್ರಿ ಆದಂಪುರದಲ್ಲಿದ್ದವರಿಗೆ ನಿದ್ರೆ ಎಂಥದ್ದು ಎಂಬುದನ್ನು ಊಹಿಸಬಹುದು.

ಅಂಥ ರಾತ್ರಿಯ ಕೊನೆಯಲ್ಲಿ, 7ನೆಯ ತಾರೀಕು ಬೆಳಕು ಹರಿಯುವ ಮೊದಲೇ, ಪ್ರತಿದಾಳಿಗೆ ಹೊರಡಬೇಕೆಂಬ ಆಜ್ಞೆಯಾಗಿತ್ತು. ಗುರಿ ಸರ್ಗೋಧಾ. ಪಾಕಿಸ್ತಾನದ ವಾಯುಪಡೆಯ ಹೃದಯಸ್ಥಾನ ಅದು. ಒಂದಲ್ಲ, ಒಂದಕ್ಕೊಂದು ಹತ್ತಿರವಾದ ಹಲವು ವಿಮಾನನೆಲೆಗಳು ಅಲ್ಲಿದ್ದವು. ಆದಂಪುರದಿಂದ ಅಲ್ಲಿಗೆ ನೇರ ದಾರಿ ಸುಮಾರು 300 ಕಿಲೋಮೀಟರ್. ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ನೋಡಿದೆ, ಮಂಗಳೂರಿನಿಂದ ಬೆಂಗಳೂರಿಗೆ ಕಾಗೆ ಹಾರುವ ದಾರಿಯೂ ಹೆಚ್ಚು ಕಡಮೆ ಅಷ್ಟೇ. ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಿ ಬೆಳಗಿನ ಜಾವಕ್ಕೆ ನಾವು ತಲಪುವ ದೂರವನ್ನು ಆ ವಿಮಾನಗಳು ಅರ್ಧ ಗಂಟೆಯೊಳಗೆ ಕ್ರಮಿಸುತ್ತವೆ. ಆದರೆ ಮಿಸ್ಟೇರಿಗೆ ಅದು ಹೋಗಿ ಬರಲು ಸಾಧ್ಯವಾದ ದೂರದ ಅಂಚು. ರಾಡಾರಿನ ಕಣ್ಣಿಗೆ ಬೀಳದಂತೆ ನೆಲಕ್ಕೆ ತೀರ ಹತ್ತಿರವಾಗಿ ಹಾರಬೇಕು. ಕೆಳಮಟ್ಟದಲ್ಲಿ ಹಾರಿದರೆ ಜೆಟ್ ವಿಮಾನ ಹೆಚ್ಚು ಇಂಧನ ಕುಡಿಯುತ್ತದೆ. ಹೋಗಿ, ಒಂದು ಸಲ ಹೊಡೆದು, ಕೂಡಲೇ ಹಿಂದಿರುಗಬೇಕು. ದಾರಿಯಲ್ಲಿ ನಿಂತು ಕಾದಾಡಿದವನಿಗೆ ಮನೆಗೆ ಬರುವಷ್ಟು ಇಂಧನ ಉಳಿಯುವುದಿಲ್ಲ. ಈ ಲೆಕ್ಕವನ್ನು ಓದುಗರು ಮರೆಯಬಾರದು. ಮುಂದೆ ನಡೆದದ್ದರ ಬೆಲೆ ತಿಳಿಯುವುದು ಈ ಲೆಕ್ಕದಿಂದಲೇ.

ತನೇಜಾ ಅವರ ನಾಯಕತ್ವದಲ್ಲಿ ಹನ್ನೆರಡು ಮಿಸ್ಟೇರ್‌ಗಳು ಹೋಗುವುದೆಂದು ನಿಶ್ಚಯವಾಗಿತ್ತು. ಈ ಹನ್ನೆರಡರ ಪಟ್ಟಿಯಲ್ಲಿ ದೇವಯ್ಯನವರ ಹೆಸರು ಇರಲಿಲ್ಲ. ಯಾವುದಾದರೂ ವಿಮಾನ ಹಿಂದುಳಿದರೆ ಅದರ ಸ್ಥಾನ ತುಂಬಲೆಂದು ಕಾದಿರಿಸಿದವರಲ್ಲಿ ಅವರೊಬ್ಬರು. ನಮ್ಮ ಆಟದ ತಂಡಗಳಲ್ಲಿ ಹೆಚ್ಚುವರಿ ಆಟಗಾರನಿರುತ್ತಾನಲ್ಲ, ಹಾಗೆ. ಪೂರ್ತಿ ಸಿದ್ಧನಾಗಿ, ಎಂಜಿನ್ ನಡೆಯಿಸಿಕೊಂಡು, ಹೋಗುವೆನೋ ಇಲ್ಲವೋ ಎಂದು ತಿಳಿಯದೆ ಕತ್ತಲೆಯಲ್ಲಿ ಕುಳಿತಿರುವುದು. ಹಾರಬೇಕಾದವನ ಚಿಂತೆ ಒಂದು ಬಗೆಯದು. ಹಾರಬಹುದಾದವನ ಚಿಂತೆ ಇನ್ನೊಂದು ಬಗೆಯದು, ಬಹುಶಃ ಹೆಚ್ಚು ಕಷ್ಟದ್ದು. ಕೊನೆಗೆ ಅವರ ಸರದಿ ಬಂದೇ ಬಂತು. ಅವರೂ ಹಾರಿ, ಮುಂದೆ ಹೋದವರನ್ನು ಹಿಂಬಾಲಿಸಿದರು. ರೇಡಿಯೋದಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಆದುದರಿಂದ ಅವರು ಎಲ್ಲಿದ್ದಾರೆ, ಹೇಗಿದ್ದಾರೆ ಎಂದು ಉಳಿದವರಿಗೆ ತಿಳಿಯಲು ಮಾರ್ಗವೇ ಇರಲಿಲ್ಲ. ಎಲ್ಲ ಕಥೆಯೂ ಈ ಮೌನದಲ್ಲಿಯೇ ಹುಟ್ಟಿತು.

ನಮ್ಮ ವಿಮಾನಗಳು ಸರ್ಗೋಧಾದ ಮೇಲೆ ದಾಳಿ ಮಾಡಿ ಹಿಂದಿರುಗಿದವು. ಎಷ್ಟು ನಾಶವಾಯಿತು ಎಂಬುದರ ಬಗ್ಗೆ ಎರಡು ದೇಶಗಳ ಲೆಕ್ಕ ಹೊಂದುವುದಿಲ್ಲ, ಆ ಜಗಳ ನಮಗೆ ಬೇಡ. ಆಗ ಸರ್ಗೋಧಾದ ಆಕಾಶದಲ್ಲಿ ಕಾವಲು ತಿರುಗುತ್ತಿದ್ದ ಒಂದು ಸ್ಟಾರ್‌ಫೈಟರಿನಲ್ಲಿ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಎಂಬ ವೈಮಾನಿಕನಿದ್ದ. ಅವನು ಹಿಂದಿರುಗುತ್ತಿದ್ದ ಮಿಸ್ಟೇರ್‌ಗಳನ್ನು ಅಟ್ಟಿಸಿಕೊಂಡು ಬಂದ. ಹೊಡೆದು ಓಡುತ್ತಿರುವ ಮಿಸ್ಟೇರ್‌ಗಳಿಗೆ ವೇಗದಲ್ಲಿ ಅವನಿಂದ ತಪ್ಪಿಸಿಕೊಳ್ಳುವ ಆಸೆಯೇ ಇರಲಿಲ್ಲ. ಅವನ ದಾರಿಯಲ್ಲಿ ಸಿಕ್ಕವರು ದೇವಯ್ಯನವರು. ಅವನು ಹಾರಿಸಿದ ಗುಂಡುಗಳು ಅವರ ವಿಮಾನಕ್ಕೆ ತಗಲಿದವು. ಕೆಲಸ ಮುಗಿಯಿತೆಂದು ಭಾವಿಸಿ ಅವನು ಅವರನ್ನು ಬಿಟ್ಟು ಉಳಿದವರ ಕಡೆಗೆ ತಿರುಗಿದ.

ಆದರೆ ಕೆಲಸ ಮುಗಿದಿರಲಿಲ್ಲ. ಪೆಟ್ಟು ತಿಂದ ಮಿಸ್ಟೇರ್ ಇನ್ನೂ ಹಾರುತ್ತಿತ್ತು. ದೇವಯ್ಯನವರು ಸ್ಟಾರ್‌ಫೈಟರಿಗೆ ಎದುರಾಗಿ ತಿರುಗಿ ನಿಂತರು.

ಈ ಕಾದಾಟದ ಮರ್ಮವನ್ನು ಹಂಪನಕಟ್ಟೆಯಲ್ಲಿ ನಿಂತು ನೋಡಿದವರಿಗೆ ತಿಳಿಸುವುದು ಸುಲಭ. ಸಿಗ್ನಲ್ ಬಿಟ್ಟ ಕೂಡಲೇ ನೇರ ರಸ್ತೆಯಲ್ಲಿ ಎಕ್ಸ್‌ಪ್ರೆಸ್ ಬಸ್ಸಿನ ಮುಂದೆ ಆಟೋರಿಕ್ಷಾದ ಆಟ ನಡೆಯುವುದಿಲ್ಲ. ಆದರೆ ಇಕ್ಕಟ್ಟಾದ ತಿರುವಿನಲ್ಲಿ ಆಟೋ ಗರ್ರನೆ ಸುತ್ತಿ ಬರುವಷ್ಟರಲ್ಲಿ ಬಸ್ಸು ಮೂತಿಯನ್ನೂ ತಿರುಗಿಸಿರುವುದಿಲ್ಲ. ಸ್ಟಾರ್‌ಫೈಟರಿನ ಆ ತೆಳು ರೆಕ್ಕೆಗಳು ನೇರ ಓಟಕ್ಕಾಗಿ ಮಾಡಿದವು. ತಿರುಗುವುದಕ್ಕೆ ಅದಕ್ಕೆ ಬಹಳ ಜಾಗ ಬೇಕು. ಅದರ ಶಕ್ತಿ ವೇಗದಲ್ಲಿದೆ. ಬಂದು, ಹೊಡೆದು, ಮೇಲಕ್ಕೆ ಚಿಮ್ಮಿ ಹೋಗಬೇಕು. ಮಿಸ್ಟೇರ್ ನಿಧಾನವಾದರೂ ಬಿಗಿಯಾಗಿ ತಿರುಗಬಲ್ಲದು. ಹುಸೇನ್ ವೇಗ ತಗ್ಗಿಸಿ ತಿರುವುಗಳ ಕಾದಾಟಕ್ಕೆ ಇಳಿದ. ಹುಡುಗರಿಗೆ ತಿರುವುಗಳನ್ನೇ ಕಲಿಸಿದ ಮೇಷ್ಟರ ಮುಂದೆ! ನೆಲದಿಂದ ಬಹಳ ಎತ್ತರವೇನೂ ಇರಲಿಲ್ಲ. ಕೆಳಗೆ ಹೊಲಗಳು, ಹಳ್ಳಿಗಳು. ಎರಡು ವಿಮಾನಗಳು ಒಂದರ ಬಾಲವನ್ನೊಂದು ಹಿಡಿಯಲು ಸುತ್ತಿದವು. ಗಾಯಗೊಂಡ ಮಿಸ್ಟೇರ್, ಮಾರ್ಗದ ಇಂಧನವನ್ನು ಸುಡುತ್ತಾ ಸುಡುತ್ತಾ, ಒಳಸುತ್ತಿನಲ್ಲಿ ತಿರುಗಿ ಸ್ಟಾರ್‌ಫೈಟರಿನ ಹಿಂದೆ ಬಂತು. ಮಿಸ್ಟೇರಿನಲ್ಲಿರುವುದು 30 ಮಿಲಿಮೀಟರಿನ ಎರಡು ತೋಪುಗಳು. ಅವುಗಳ ಗುಂಡು ತಗಲಿ ಸ್ಟಾರ್‌ಫೈಟರ್ ಹತೋಟಿ ತಪ್ಪಿತು. ಹುಸೇನ್ ಆಸನಸಮೇತ ಹೊರಕ್ಕೆ ಚಿಮ್ಮಿ ಪ್ಯಾರಾಚೂಟಿನಿಂದ ಇಳಿದು ಬದುಕಿಕೊಂಡ.

ಶಬ್ದದ ವೇಗವನ್ನು ದಾಟಲಾರದ ವಿಮಾನವೊಂದು, ಅದೂ ಪೆಟ್ಟು ತಿಂದದ್ದು, ಶಬ್ದದ ಎರಡರಷ್ಟು ವೇಗದ ವಿಮಾನವನ್ನು ಕೆಡವಿತು. ಮಿಸ್ಟೇರಿನ ಒಳಗಿದ್ದವರು ಹಿಂದಿರುಗಲಿಲ್ಲ. ಅವರ ವಿಮಾನವೂ ಆ ನೆಲದಲ್ಲೇ ಬಿತ್ತು. ವಯಸ್ಸು ಮೂವತ್ತೆರಡು.

ಆದಂಪುರದಲ್ಲಿ ವಿಮಾನಗಳನ್ನು ಎಣಿಸಿದಾಗ ಒಂದು ಕಡಮೆ. ಈ ಕಾದಾಟವನ್ನು ನಮ್ಮವರಾರೂ ಕಂಡಿರಲಿಲ್ಲ. ದೇವಯ್ಯನವರ ಹೆಸರಿನ ಮುಂದೆ ಕಾಣೆಯಾದವರು ಎಂದು ಬರೆದರು. ಅಷ್ಟೇ. ಅದೇ ದಿನ ಸರ್ಗೋಧಾದ ಹತ್ತಿರ ನಮ್ಮ ಹಂಟರ್ ವಿಮಾನಗಳೂ ಬಿದ್ದವು. ಅವುಗಳಲ್ಲಿ ಐದನ್ನು ತಾನೊಬ್ಬನೇ ಕ್ಷಣಾರ್ಧದಲ್ಲಿ ಕೆಡವಿದೆನೆಂದು ಹೇಳಿಕೊಂಡ ಪಾಕಿಸ್ತಾನದ ಎಂ. ಎಂ. ಆಲಂ ಅವರ ಹೆಸರು ಲೋಕವೆಲ್ಲ ಹಬ್ಬಿತು. ಆ ಐದರ ಲೆಕ್ಕ ಸರಿಯೇ ಎಂಬ ವಾದ ಇಂದಿಗೂ ನಡೆಯುತ್ತಿದೆ. ಅದೇ ಬೆಳಗಿನ ದೇವಯ್ಯನವರ ಕಾದಾಟದ ಬಗ್ಗೆ ವಾದ ಮಾಡಲಿಕ್ಕೂ ಯಾರೂ ಇರಲಿಲ್ಲ. ತನೇಜಾ ಅವರಿಗೆ ಈ ಯುದ್ಧದಲ್ಲಿ ವೀರ ಚಕ್ರ ದೊರೆಯಿತು. ಪಾಕಿಸ್ತಾನ ಸರಕಾರ ಹುಸೇನನಿಗೂ ಸಿತಾರ-ಎ-ಜುರತ್ ಎಂಬ ಶೌರ್ಯಪದಕ ಕೊಟ್ಟಿತು. ದೇವಯ್ಯನವರಿಗೆ ಮಾತ್ರ ಏನೂ ಇಲ್ಲ.

ಮನೆಯಲ್ಲಿ ಪತ್ನಿ, ಇಬ್ಬರು ಎಳೆಯ ಹೆಣ್ಣುಮಕ್ಕಳು. ಕಾಣೆಯಾದವರು ಎಂಬ ಪದಕ್ಕೆ ಒಂದು ಕ್ರೂರ ಗುಣವಿದೆ. ಅಳುವುದಕ್ಕೂ ಬಿಡುವುದಿಲ್ಲ, ನಗುವುದಕ್ಕೂ ಬಿಡುವುದಿಲ್ಲ. 2018ರ ಆಗಸ್ಟಿನಲ್ಲಿ ನಮ್ಮೂರಿನ ಮೇಲ್ಗಡೆ ಜೋಡುಪಾಲದಲ್ಲಿ ಗುಡ್ಡ ಜಾರಿದಾಗ, ಮಣ್ಣಿನಡಿ ಸಿಕ್ಕವರಿಗಾಗಿ ಜನರು ದಿನಗಟ್ಟಲೆ ಕೆಸರಿನ ಅಂಚಿನಲ್ಲಿ ನಿಂತು ಕಾದದ್ದು ನನಗೆ ನೆನಪಿದೆ. ಆಗ ನಾನು ಚಿಕ್ಕವಳು. ಸತ್ತಿದ್ದಾರೆಂದು ಎಲ್ಲರಿಗೂ ಗೊತ್ತಿದ್ದರೂ, ದೇಹ ಸಿಗುವ ತನಕ ಬಾಯಿಬಿಟ್ಟು ಹಾಗೆನ್ನಲು ಯಾರಿಗೂ ಧೈರ್ಯವಿರಲಿಲ್ಲ. ಮಡಿಕೇರಿಯಲ್ಲಿ ಅಮ್ಮ ಕೇಳಿದ ಎರಡನೆಯ ಪ್ರಶ್ನೆ ಎಲ್ಲಿಂದ ಬಂದಿತೆಂದು ನನಗೆ ಹೊಳೆದದ್ದು ಇದನ್ನು ಬರೆಯಲು ಕುಳಿತಾಗ.

1965 ಕೊಡಗಿಗೆ ಭಾರವಾದ ವರ್ಷ. ಸೆಪ್ಟೆಂಬರ್ 22ರಂದು, ಯುದ್ಧವಿರಾಮಕ್ಕೆ ಇನ್ನೇನು ಗಂಟೆಗಳಿವೆ ಎನ್ನುವಾಗ, ಕಾರ್ಯಪ್ಪನವರ ಮಗ ಫ್ಲೈಟ್ ಲೆಫ್ಟಿನೆಂಟ್ ಕೆ. ಸಿ. ಕಾರ್ಯಪ್ಪನವರ ವಿಮಾನವೂ ಬಿದ್ದು ಅವರು ಸೆರೆಸಿಕ್ಕರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಒಂದು ಕಾಲದಲ್ಲಿ ಹಿರಿಯ ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಮಗನಿಗೆ ವಿಶೇಷ ಸೌಕರ್ಯ ಮಾಡಿಕೊಡುವೆನೆಂದು ಅವರು ತಿಳಿಸಿದಾಗ, ಸೆರೆಯಲ್ಲಿರುವ ಎಲ್ಲ ಸೈನಿಕರೂ ತನ್ನ ಮಕ್ಕಳೇ ಎಂಬ ಕಾರಣ ಹೇಳಿ ತಂದೆ ಅದನ್ನು ಬೇಡವೆಂದರು. ಆ ಮಗ ಮರಳಿ ಬಂದು ಮುಂದೆ ಏರ್ ಮಾರ್ಷಲ್ ಆದರು. ಡಿಸೆಂಬರ್ 18ರಂದು ಜನರಲ್ ತಿಮ್ಮಯ್ಯನವರು ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಸೈನ್ಯದ ಮುಖ್ಯಸ್ಥರಾಗಿದ್ದಾಗಲೇ ತೀರಿಕೊಂಡರು. ಇಷ್ಟು ದೊಡ್ಡ ಹೆಸರುಗಳ ನಡುವೆ, ಕಾಣೆಯಾದ ಒಬ್ಬ ಬೋಧಕನ ಹೆಸರು ಸದ್ದಿಲ್ಲದೆ ಹಿಂದೆ ಸರಿಯಿತು.

ಹದಿನಾಲ್ಕು ವರ್ಷಗಳು ಉರುಳಿದವು. ನಡುವೆ 1971ರ ಯುದ್ಧವೂ ಆಗಿಹೋಯಿತು. ಆ ಯುದ್ಧದಲ್ಲಿ ಅಮ್ಜದ್ ಹುಸೇನ್ ಮತ್ತೆ ಸ್ಟಾರ್‌ಫೈಟರ್ ಏರಿ ಅಮೃತಸರದ ಮೇಲೆ ಬಂದು, ನಮ್ಮ ನೆಲದ ತೋಪುಗಳಿಗೆ ಸಿಕ್ಕಿ, ಎರಡನೆಯ ಬಾರಿ ಪ್ಯಾರಾಚೂಟಿನಿಂದ ಇಳಿದು, ಈ ಸಲ ಭಾರತದಲ್ಲಿ ಸೆರೆಯಾದ. ದೇವಯ್ಯನವರ ಕಥೆಯನ್ನು ಬಲ್ಲ ಒಬ್ಬನೇ ಸಾಕ್ಷಿ ನಮ್ಮ ಸೆರೆಮನೆಯಲ್ಲಿಯೇ ಇದ್ದ. ಅವನಿಂದ ಆ ಕಥೆ ಆಗ ನಮ್ಮ ದಾಖಲೆಗಳಿಗೆ ಬರಲಿಲ್ಲ. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಗ್ರಂಥಾಲಯದ ಕಿಟಕಿಯ ಹೊರಗೆ ನೋಡುತ್ತಾ ಕುಳಿತಿದ್ದೆ.

1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕ 1965ರ ಆಕಾಶಯುದ್ಧದ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಪಾಕಿಸ್ತಾನದ ವಾಯುಪಡೆಯ ನೆರವಿನಿಂದ, ಬಹುಮಟ್ಟಿಗೆ ಅವರ ಹೊಗಳಿಕೆಗಾಗಿಯೇ ಬರೆದ ಪುಸ್ತಕ ಅದು. ಆದರೂ ಅದರಲ್ಲಿ ಹುಸೇನನ ಕಾದಾಟದ ವಿವರವಿತ್ತು. ಪೆಟ್ಟು ತಿಂದ ಒಂದು ಮಿಸ್ಟೇರ್ ಹೇಗೆ ತಿರುಗಿ ನಿಂತು ಸ್ಟಾರ್‌ಫೈಟರನ್ನು ಕೆಡವಿತು, ಅದರ ವೈಮಾನಿಕ ಎಂಥ ಧೈರ್ಯಶಾಲಿ ಎಂಬುದನ್ನು ಆ ಪುಸ್ತಕ ಮುಚ್ಚಿಡದೆ ಹೇಳಿತು. ವೈಮಾನಿಕನ ಹೆಸರು ಮಾತ್ರ ಎದುರಾಳಿಗೆ ಗೊತ್ತಿರಲಿಲ್ಲ. ಆ ಬೆಳಗಿನ ದಾಳಿಯಿಂದ ಹಿಂದಿರುಗದ ಮಿಸ್ಟೇರ್ ಯಾವುದೆಂದು ನಮ್ಮ ಕಡೆಯಲ್ಲಿ ಗೊತ್ತಿತ್ತು. ಒಂದು ಕಡೆ ಹೆಸರಿಲ್ಲದ ಕಥೆ, ಇನ್ನೊಂದು ಕಡೆ ಕಥೆಯಿಲ್ಲದ ಹೆಸರು. ಎರಡೂ ಸೇರಿದಾಗ ದೇವಯ್ಯನವರು ದೊರೆತರು.

ಶತ್ರುವಿನ ಹೊಗಳಿಕೆಗಿಂತ ದೊಡ್ಡ ಪದಕವಿಲ್ಲ ಎಂದು ಕೆಲವರು ಬರೆದಿದ್ದಾರೆ. ಅದು ಕೇಳಲು ಚೆನ್ನಾಗಿದೆ, ಆದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಹೊಗಳಿಕೆ ಮುದ್ರಣವಾದ ಮೇಲೂ ಒಂಬತ್ತು ವರ್ಷ ಹಿಡಿಯಿತಲ್ಲ! ಪುಸ್ತಕ ತಾನಾಗಿ ಯಾರಿಗೂ ಪದಕ ತಂದುಕೊಡುವುದಿಲ್ಲ. ಯಾರಾದರೂ ಅದನ್ನು ಓದಬೇಕು, ಓದಿದವರು ಹಳೆಯ ದಾಖಲೆಗಳೊಡನೆ ತಾಳೆ ನೋಡಬೇಕು, ನೋಡಿದವರು ಸರಕಾರಕ್ಕೆ ಬರೆಯಬೇಕು. ಇಲ್ಲಿಯೇ ತನೇಜಾ ಅವರು ಮತ್ತೆ ಬರುವುದು. ಅಂದು ದಳದ ಮುಂದೆ ಹಾರಿದ ಅವರು, ತಮ್ಮ ಹಿಂದೆ ಬಂದು ಮರಳದ ಅಧಿಕಾರಿಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕೆಂದು ಪ್ರತಿಪಾದಿಸಿದರು. ಪದಕ ಪಡೆದು ವರ್ಷಗಳಾದ ಮೇಲೆ, ತಮ್ಮ ಹೆಸರಿಗೆ ಇನ್ನೇನೂ ಸೇರಬೇಕಾಗಿಲ್ಲದ ಕಾಲದಲ್ಲಿ, ಕೈಕೆಳಗಿನವನೊಬ್ಬನಿಗಾಗಿ ಹಳೆಯ ಕಡತ ತೆರೆಸುವುದು ನನ್ನ ದೃಷ್ಟಿಯಲ್ಲಿ ಸರ್ಗೋಧಾಕ್ಕೆ ಹಾರಿದ್ದಕ್ಕಿಂತ ಚಿಕ್ಕ ಕೆಲಸವಲ್ಲ.

1988ರಲ್ಲಿ, ಅಂದರೆ ಸತ್ತ 23 ವರ್ಷಗಳ ನಂತರ, ಭಾರತ ಸರಕಾರ ದೇವಯ್ಯನವರಿಗೆ ಮಹಾವೀರ ಚಕ್ರವನ್ನು ಮರಣೋತ್ತರವಾಗಿ ನೀಡಿತು. ಯುದ್ಧಭೂಮಿಯ ಶೌರ್ಯಕ್ಕೆ ಪರಮವೀರ ಚಕ್ರದ ನಂತರ ಅದೇ ದೊಡ್ಡದು. ಅದನ್ನು ಸ್ವೀಕರಿಸಿದವರು ಅವರ ಪತ್ನಿ. ಗಂಡ ಹೋದಾಗ ಎಳೆಯರಾಗಿದ್ದ ಮಕ್ಕಳು ಅಷ್ಟರಲ್ಲಿ ಬೆಳೆದು ದೊಡ್ಡವರಾಗಿದ್ದರು.

ನಂತರದ ವರ್ಷಗಳಲ್ಲಿ ಪಾಕಿಸ್ತಾನದ ವಾಯುಪಡೆಯ ನಿವೃತ್ತ ಅಧಿಕಾರಿಯೂ ಇತಿಹಾಸಕಾರರೂ ಆದ ಕೈಸರ್ ತುಫೈಲ್ ಎಂಬವರು ಈ ಘಟನೆಯ ಬಗ್ಗೆ ಬರೆದಿದ್ದಾರೆ. ವಿಮಾನ ಬಿದ್ದ ಜಾಗದ ಹಳ್ಳಿಗರು ದೇವಯ್ಯನವರ ದೇಹವನ್ನು ಹೊಲದಲ್ಲಿ ಕಂಡು, ಅಲ್ಲಿಯೇ ಮಣ್ಣು ಮಾಡಿದರು. ನಮ್ಮ ದೇಶದಲ್ಲಿ ಜಗನ್ ಮೋಹನ್ ಮತ್ತು ಸಮೀರ್ ಚೋಪ್ರಾ ಅವರು 1965ರ ಆಕಾಶಯುದ್ಧದ ಬಗ್ಗೆ 2005ರಲ್ಲಿ ದೊಡ್ಡ ಗ್ರಂಥವನ್ನೇ ಹೊರತಂದರು. 2020ರ ಸೆಪ್ಟೆಂಬರಿನಲ್ಲಿ ಮಡಿಕೇರಿಯಲ್ಲಿ ಪುತ್ಥಳಿ ನಿಂತಿತು. 2025ರಲ್ಲಿ ಸ್ಕೈ ಫೋರ್ಸ್ ಎಂಬ ಹಿಂದಿ ಚಲನಚಿತ್ರ ಬಂತು. ನಮ್ಮ ಹಾಸ್ಟೆಲಿನವರೆಲ್ಲ ಅದನ್ನು ನೋಡಿ ಬಂದು ಎರಡು ದಿನ ಅದರದ್ದೇ ಮಾತು. ಅದರಲ್ಲಿ ಕಥಾನಾಯಕನ ಹೆಸರನ್ನು ಬದಲಾಯಿಸಿದ್ದಾರೆ. ಇಪ್ಪತ್ತಮೂರು ವರ್ಷ ಕಷ್ಟಪಟ್ಟು ಕಥೆಗೆ ಹೆಸರನ್ನು ಸೇರಿಸಿದ ಮೇಲೆ, ಮತ್ತೆ ಎರಡನ್ನೂ ಬೇರೆ ಮಾಡಬೇಕಾಗಿತ್ತೇ ಎಂದು ನನಗನ್ನಿಸಿತು. ಸ್ನೇಹಿತೆಯರು ನನ್ನನ್ನು ಇತಿಹಾಸದ ಹುಳ ಎಂದು ನಕ್ಕರು, ನಗಲಿ.

ದಸರಾ ರಜೆಯಲ್ಲಿ ಮನೆಗೆ ಹೋದಾಗ ಅಮ್ಮನಿಗೆ ಈ ಕಥೆಯನ್ನೆಲ್ಲ ಮೊದಲಿನಿಂದ ಹೇಳಿದೆ. ಅಪ್ಪ ರಬ್ಬರ್ ಹಾಲಿನ ಹಾಳೆಗಳನ್ನು ಅಂಗಳದ ಹಗ್ಗಕ್ಕೆ ಹಾಕುತ್ತಾ ಕೇಳುತ್ತಿದ್ದರು. ವಿಮಾನ ತಿರುಗಿದ್ದು, ಇಂಧನದ ಲೆಕ್ಕ, ಇಂಗ್ಲಿಷಿನವನ ಪುಸ್ತಕ ಇವುಗಳಲ್ಲಿ ಅಮ್ಮನಿಗೆ ಹೆಚ್ಚು ಆಸಕ್ತಿ ಕಾಣಲಿಲ್ಲ. ಅಪ್ಪನಿಗೆ ಇಂಧನದ ಲೆಕ್ಕ ಬಹಳ ಹಿಡಿಸಿತು, ಎರಡು ಸಲ ಕೇಳಿ ತಿಳಿದುಕೊಂಡರು. ಹೆಣ ಮನೆಗೆ ಬರಲಿಲ್ಲ, ಆ ಊರಿನವರೇ ಮಣ್ಣು ಮಾಡಿದರು ಎಂದು ಹೇಳಿದಾಗ ಅಮ್ಮ ಕೈಯಲ್ಲಿದ್ದ ಕೆಲಸ ನಿಲ್ಲಿಸಿದರು. ಆ ಊರಿನವರ ಹೆಸರು ಆ ಪುಸ್ತಕದಲ್ಲಿ ಇದೆಯೇ ಎಂದು ಕೇಳಿದರು.